ಅಲುಗದ ಬೆಂಚು: ವೈಸ್, ಹ್ಯಾಂಡ್ ಪ್ರೆಸ್ ಹೊರುವ ಮನೆ ವರ್ಕ್‌ಬೆಂಚು, ಕರಾವಳಿಯ ಹವೆಗೆ ತಕ್ಕಂತೆ

ಬೆಂಚು ಗಟ್ಟಿ ಇರಬೇಕು ಎಂದಾಕ್ಷಣ ಎಲ್ಲರೂ ಮೇಲಿನ ಹಲಗೆ ಎಷ್ಟು ದಪ್ಪ ಎಂದು ಕೇಳುತ್ತಾರೆ. ಬೆಂಚು ಅಲುಗುವುದು ಹಲಗೆಯಿಂದಲ್ಲ, ಕಾಲಿಗೆ ಪಟ್ಟಿ ಸೇರುವ ಮೂಲೆಯಿಂದ. ಮಂಗಳೂರು, ಉಡುಪಿಯ ಹವೆಯಲ್ಲಿ ಆ ಮೂಲೆ ಒಮ್ಮೆ ಬಿಗಿ ಮಾಡಿಟ್ಟರೆ ಹಾಗೇ ಉಳಿಯುವುದೂ ಇಲ್ಲ. ಹಾಗಾಗಿ ಇಲ್ಲಿ ವಿವರಿಸುವ ಬೆಂಚಿನಲ್ಲಿ ಉದ್ದದ ಪಟ್ಟಿಗಳಿಗೆ ಅಂಟೂ ಇಲ್ಲ, ಆಣಿಯೂ ಇಲ್ಲ. ಸ್ಪ್ಯಾನರ್ ಹಾಕಿ ವರ್ಷಕ್ಕೊಮ್ಮೆ ಬಿಗಿಮಾಡುವ, ಒಮ್ಮೆ ಸಡಿಲಿಸುವ ನಟ್ಟುಗಳಿವೆ.

ಈ ಬೆಂಚು ಹೊರಬೇಕಾದದ್ದು ಕೆಲಸದ ತುಂಡನ್ನು ಕಚ್ಚಿ ಹಿಡಿಯುವ 6 ಇಂಚಿನ ವೈಸ್ ಮತ್ತು ಪಂಪು, ಮೋಟಾರಿನ ಬೇರಿಂಗ್ ಕೂರಿಸುವ, ಮೇಜಿಗೆ ಬಿಗಿಯುವ ಹ್ಯಾಂಡ್ ಪ್ರೆಸ್. ಪ್ರೆಸ್ಸಿನ ಲಿವರ್ ಬೆಂಚಿಗೆ ಏನು ಮಾಡುತ್ತದೆ ಎಂಬ ಲೆಕ್ಕ ಮೊದಲು ಗೊತ್ತಿರಬೇಕು. 40 ಸೆಂಟಿಮೀಟರ್ ಉದ್ದದ ಹಿಡಿಯನ್ನು 20 ಕೆಜಿ ಬಲದಿಂದ ಎಳೆದರೆ ತಿರುಚುವ ಬಲ 800 ಕೆಜಿ-ಸೆಂಟಿಮೀಟರ್. ಪ್ರೆಸ್ಸಿನ ಮುಂದಿನ, ಹಿಂದಿನ ಬೋಲ್ಟುಗಳ ನಡುವೆ 10 ಸೆಂಟಿಮೀಟರ್ ಅಂತರವಿದ್ದರೆ ಹಿಂದಿನ ಬೋಲ್ಟುಗಳನ್ನು ಹಲಗೆಯಿಂದ ಮೇಲಕ್ಕೆ ಕೀಳುವ ಬಲ 80 ಕೆಜಿ. ಇದು ಒಂದು ಎಳೆತಕ್ಕೆ. ದಿನಕ್ಕೆ ಹತ್ತಿಪ್ಪತ್ತು ಸಲ ಎಳೆದರೆ ಪ್ಲೈವುಡ್ಡಿಗೆ ಹಾಕಿದ ಸ್ಕ್ರೂ ಯಾವುದೂ ನಿಲ್ಲುವುದಿಲ್ಲ. ಹಲಗೆ ಪೂರ್ತಿ ತೂರಿ ಹೋಗುವ ಬೋಲ್ಟು, ಅಡಿಯಲ್ಲಿ ಉಕ್ಕಿನ ತಗಡು, ಇದೊಂದೇ ದಾರಿ.

ವಿದೇಶಗಳಲ್ಲಿ ಕೋವಿಯ ಖಾಲಿ ತೋಟೆ ಮತ್ತೆ ತುಂಬುವ ಹವ್ಯಾಸಿಗಳು ಕಟ್ಟುವ ಬೆಂಚಿನ ಲೆಕ್ಕವೂ ಇದೇ, ಅಲ್ಲಿಯೂ ಕಾಟ ಕೊಡುವುದು ಪ್ರೆಸ್ಸಿನ ಲಿವರೇ. ನಮ್ಮಲ್ಲಿ ಆ ಕೆಲಸ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಕೆಳಗೆ ಬರುತ್ತದೆ. ಮದ್ದುಗುಂಡು ತಯಾರಿಕೆಗೆ ಅದಕ್ಕೆಂದೇ ಪರವಾನಗಿ ಬೇಕು, ತೋಟ ಕಾಯುವ ಕೋವಿಯ ಲೈಸೆನ್ಸು ಅದಕ್ಕೆ ಸಾಲದು. ಆದ್ದರಿಂದ ಅವರ ಬೆಂಚಿನಿಂದ ಕಲಿಯಬೇಕಾದದ್ದು ಬಡಗಿ ಕೆಲಸ ಮಾತ್ರ.

ಅಳತೆ

ಎತ್ತರವನ್ನು ಬೆಂಚಿನಿಂದ ಅಳೆಯುವುದಲ್ಲ, ವೈಸಿನ ದವಡೆಯಿಂದ ಅಳೆಯುವುದು. ನಿಂತು ಕೈ ಮಡಚಿದಾಗ ಮೊಣಕೈ ಎಲ್ಲಿಗೆ ಬರುತ್ತದೋ ದವಡೆಯ ಮೇಲ್ತುದಿ ಅಲ್ಲಿರಬೇಕು. 5 ಅಡಿ 6 ಇಂಚಿನವರಿಗೆ ಅದು ಸುಮಾರು 41½ ಇಂಚು. ವೈಸಿನದ್ದೇ 7 ಇಂಚು ಹೋದರೆ ಬೆಂಚಿನ ಎತ್ತರ 34ರ ಮೇಲೆ ಕೆಳಗೆ. ಹಾರ್ಡ್‌ವೇರ್ ಅಂಗಡಿಯಿಂದ ವೈಸನ್ನು ಮೊದಲು ತಂದಿಟ್ಟುಕೊಂಡು ಅಳತೆ ಹಾಕಿ. ಬೆಂಚು ಮಾಡಿ ಆಮೇಲೆ ವೈಸ್ ತಂದವರು ಅರ ಹೊಡೆಯುವಾಗ ಭುಜ ಎತ್ತಿಕೊಂಡೇ ನಿಲ್ಲಬೇಕಾಗುತ್ತದೆ.

ಇಲ್ಲಿನ ಅಳತೆ: ಮೇಲ್ಹಲಗೆ 60 ಇಂಚು ಉದ್ದ, 23⅞ ಇಂಚು ಅಗಲ. ಕಾಲುಗಳ ಚೌಕಟ್ಟು ಹೊರಗಿಂದ ಹೊರಕ್ಕೆ 52 ಇಂಚು ಉದ್ದ, 20 ಇಂಚು ಅಗಲ. ಎರಡು ಕಡೆಯೂ 4 ಇಂಚು ಹಲಗೆ ಹೊರಚಾಚುತ್ತದೆ, ಕ್ಲಾಂಪ್ ಹಾಕಲು ಅಷ್ಟು ಬೇಕು. ಮುಂದೆ ಕಾಲು ಮತ್ತು ಹಲಗೆಯ ಅಂಚು ಒಂದೇ ಸಮ. ಹಿಂದೆ ಹಲಗೆ ಸುಮಾರು 4 ಇಂಚು ಹೆಚ್ಚು ಚಾಚಿಕೊಂಡು ಗೋಡೆಗೆ ತಾಗುತ್ತದೆ, ಕಾಲು ಗೋಡೆಯಿಂದ ದೂರ ಉಳಿಯುತ್ತದೆ. ಆ ಸಂದಿ ಸುಮ್ಮನೆ ಬಿಟ್ಟದ್ದಲ್ಲ. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಗೋಡೆಗೆ ಅಂಟಿದ ಕಾಲು ಹಿಂಬದಿಯಿಂದ ಕೊಳೆಯುತ್ತದೆ. ಗೆದ್ದಲು ಮಣ್ಣಿನ ದಾರಿ ಕಟ್ಟುವುದೂ ಕಣ್ಣಿಗೆ ಬೀಳದ ಆ ಸಂದಿಯಲ್ಲೇ. ಟಾರ್ಚು ಬಿಟ್ಟು ನೋಡುವಷ್ಟು ಜಾಗ ಇರಲೇಬೇಕು.

ಮರ

ಕಾಲು 4ಕ್ಕೆ 4 ಇಂಚು, ಹತ್ತರಿ ಹೊಡೆದ ಮೇಲೆ 3½ಕ್ಕೆ 3½. ಪಟ್ಟಿಗಳು 2ಕ್ಕೆ 4, ಹತ್ತರಿಯಾದ ಮೇಲೆ 1½ಕ್ಕೆ 3½. ಬೇಕಾದದ್ದು ಇಷ್ಟು: 32 ಇಂಚಿನ ಕಾಲು ನಾಲ್ಕು, 46 ಇಂಚಿನ ಉದ್ದ ಪಟ್ಟಿ ನಾಲ್ಕು, 17 ಇಂಚಿನ ತುಂಡು ಎಂಟು. ಎಂಟರಲ್ಲಿ ನಾಲ್ಕು ಪಕ್ಕದ ಚೌಕಟ್ಟಿಗೆ, ನಾಲ್ಕು ಹಲಗೆಯ ಮತ್ತು ಶೆಲ್ಫಿನ ಅಡಿಗೆ. ಸಾಮಿಲ್ಲಿನಲ್ಲಿ 3¼ ಸಿಎಫ್‌ಟಿ (ಘನ ಅಡಿ) ಎಂದು ಹೇಳಿದರೆ ತುದಿ ಕತ್ತರಿಸಿ ಬಿಸಾಡಲು ಸಹ ಸಾಕಾಗುತ್ತದೆ.

ಹೊಸ ಮರಕ್ಕಿಂತ ಹಳೆಯ ಹಂಚಿನ ಮನೆ ಕೆಡವಿದಾಗ ಬರುವ ಪಕ್ಕಾಸು, ತೊಲೆಗಳೇ ಈ ಕೆಲಸಕ್ಕೆ ಮೇಲು. ಬೋಗಿ, ಹೆಬ್ಬಲಸು, ತೇಗ ಯಾವುದು ಸಿಕ್ಕಿದರೂ ಸರಿ. ದಶಕಗಳ ಕಾಲ ಮಾಡಿನಡಿ ಒಣಗಿದ ಮರ ಇನ್ನು ಸೊಟ್ಟಗಾಗುವುದಿಲ್ಲ. ತೊಂದರೆ ಎಂದರೆ ಆಣಿ. ರೀಪು ಹೊಡೆದ ಆಣಿಯ ತಲೆ ತುಕ್ಕು ಹಿಡಿದು ಉದುರಿರುತ್ತದೆ, ಒಳಗೆ ಎರಡು ಇಂಚು ಕಬ್ಬಿಣ ಹಾಗೇ ಕೂತಿರುತ್ತದೆ. ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ನಾಲ್ಕೂ ಮುಖದ ಮೇಲೆ ನಿಧಾನ ಎಳೆಯಿರಿ, ವಾಲಿದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಇದನ್ನು ಮಾಡದೆ ಮಿಲ್ಲಿಗೆ ಕೊಂಡುಹೋದರೆ ಬ್ಲೇಡಿನ ದುಡ್ಡು ಮರದ ದುಡ್ಡಿಗಿಂತ ಹೆಚ್ಚಾದೀತು.

ಹಲಸು ಪಟ್ಟಿಗಳಿಗೆ ನಡೆಯುತ್ತದೆ, ಆದರೆ ತಿರುಳು ಮಾತ್ರ. ಬಿಳಿ ಭಾಗ ಕುಟ್ಟೆ ಹುಳಕ್ಕೆ ಊಟ. ಮಾವು ಇಡಿಯಾಗಿ ಹುಳದ ಪಾಲು. ಅಕೇಶಿಯಾ ಅಗ್ಗ, ಗಟ್ಟಿಯೂ ಹೌದು. ಆದರೆ ಹಸಿ ಅಕೇಶಿಯಾ ಕೊಯ್ದ ಮೂರೇ ತಿಂಗಳಲ್ಲಿ ತುದಿಯಿಂದ ಸೀಳುತ್ತದೆ, ಒಣಗಿದ್ದು ಸಿಕ್ಕಿದರಷ್ಟೇ ತನ್ನಿ.

ಮೇಲ್ಹಲಗೆಗೆ 19 ಮಿಮೀ ಪ್ಲೈವುಡ್, ಎಂಟಡಿಗೆ ನಾಲ್ಕಡಿಯ ಒಂದೇ ಶೀಟು ಸಾಕು. ಐಎಸ್ 710 ಮುದ್ರೆಯ ಮರೀನ್ ಗ್ರೇಡೇ ತನ್ನಿ. ಐಎಸ್ 303 ಮುದ್ರೆಯದ್ದು ಮನೆಯೊಳಗಿನ ಕಪಾಟಿಗಾಯಿತು, ಹಿತ್ತಲ ಚಾವಡಿಯಲ್ಲಿ ಇಡುವ ಬೆಂಚಿಗಲ್ಲ. ಶೀಟಿನ ಉದ್ದದಲ್ಲಿ 60 ಇಂಚಿಗೆ ಅಡ್ಡ ಕೊಯ್ದು, ಆ ತುಂಡನ್ನು ನಡುವೆ ಸೀಳಿದರೆ ಮೇಲ್ಹಲಗೆಯ ಎರಡು ಪದರ ಬರುತ್ತದೆ. ಗರಗಸದ ಬಾಯಿಗೆ ಹೋಗುವ ಮರ ಕಳೆದೇ 23⅞ ಇಂಚು ಎಂದದ್ದು. 24 ಇಂಚೇ ಬೇಕೆಂದು ಹಠ ಹಿಡಿದರೆ ಎರಡನೇ ಶೀಟು ತರಬೇಕು. ಉಳಿದ 36 ಇಂಚಿನ ತುಂಡನ್ನು 48 ಇಂಚಿನ ಉದ್ದಕ್ಕೆ ಎರಡಾಗಿ ಸೀಳಿ. ತಲಾ 17¾ ಇಂಚು ಅಗಲ. ಒಂದು ಕೆಳಗಿನ ಶೆಲ್ಫು, ಇನ್ನೊಂದು ಬೆನ್ನಿನ ಹಲಗೆ. ಶೀಟಿನಲ್ಲಿ ಅಂಗೈಯಗಲವೂ ವ್ಯರ್ಥವಿಲ್ಲ.

ಪಕ್ಕದ ಚೌಕಟ್ಟುಗಳು

ಎರಡು ಕಾಲು, ಎರಡು ಗಿಡ್ಡ ಪಟ್ಟಿ ಸೇರಿ ಒಂದು ಚೌಕಟ್ಟು. ಇದಕ್ಕೆ ಅಂಟು ಹಾಕಬಹುದು. ಪಟ್ಟಿಯ ತುದಿಯಲ್ಲಿ ಅರ್ಧ ಇಂಚು ದಪ್ಪ, 2 ಇಂಚು ಉದ್ದದ ನಾಲಿಗೆ, ಕಾಲಿನಲ್ಲಿ ಅದಕ್ಕೆ ಸರಿಯಾದ ಗುಳಿ. ಗುಳಿಯನ್ನು ಮೊದಲು ಕೆತ್ತಿ, ಆಮೇಲೆ ನಾಲಿಗೆಯನ್ನು ಗುಳಿಗೆ ತಕ್ಕಂತೆ ಕೆರೆದು ಕೂರಿಸಿ. ಉಲ್ಟಾ ಮಾಡಿದರೆ ಗುಳಿ ದೊಡ್ಡದಾಗಿ ಬೆಣೆ ಹೊಡೆಯುವ ಪ್ರಸಂಗ ಬರುತ್ತದೆ. ಕೈಯಿಂದ ಒತ್ತಿದರೆ ಅರ್ಧ ಹೋಗಬೇಕು, ಉಳಿದದ್ದು ಕೊಡತಿಯ ನಾಲ್ಕು ಪೆಟ್ಟಿಗೆ. ಮೇಲಿನ ಪಟ್ಟಿ ಕಾಲಿನ ತುದಿಗೆ ಸಮ, ಕೆಳಗಿನದ್ದು ಕಾಲಿನ ಬುಡದಿಂದ 11 ಇಂಚು ಮೇಲೆ.

2 ಇಂಚಿಗಿಂತ ಉದ್ದದ ನಾಲಿಗೆ ಬೇಡ. ಕಾಲಿನ ದಪ್ಪ 3½ ಇಂಚು, ಆದ್ದರಿಂದ ನಾಲಿಗೆಯ ತುದಿ ಹೊರಮುಖದಿಂದ 1½ ಇಂಚು ಒಳಗೆ ನಿಲ್ಲುತ್ತದೆ. ಉದ್ದ ಪಟ್ಟಿಯನ್ನು ಕಾಲಿಗೆ ಬಿಗಿಯುವ ಥ್ರೆಡ್ ರಾಡ್ (ಉದ್ದಕ್ಕೂ ಎಳೆಯಿರುವ ಸರಳು) ಹೋಗುವುದು ಅದೇ ಹೊರಮುಖದಿಂದ ¾ ಇಂಚು ಒಳಗೆ. ಎರಡೂ ಒಂದನ್ನೊಂದು ಮುಟ್ಟದೆ ಹೋಗುತ್ತವೆ. ಗಟ್ಟಿಯಾಗಲಿ ಎಂದು ನಾಲಿಗೆಯನ್ನು 3 ಇಂಚು ಇಟ್ಟರೆ ಡ್ರಿಲ್ಲು ಅದನ್ನೇ ಕೊರೆದು ಹಾಕುತ್ತದೆ.

ಅಂಟು ನೀರು ತಡೆಯುವ ಮರೀನ್ ಜಾತಿಯದ್ದೇ ಇರಲಿ. ಸಾಧಾರಣ ಬಿಳಿ ಫೆವಿಕಾಲ್ ಆಷಾಢದಲ್ಲಿ ಮೆದುವಾಗುತ್ತದೆ. ಹಳೆಯ ಮರಕ್ಕೆ ಅಂಟು ಹಿಡಿಯಬೇಕಾದರೆ ಮೇಲ್ಮೈಯನ್ನು ಅದೇ ದಿನ ಕೆರೆದು ಹೊಸ ಮರ ತೋರಿಸಬೇಕು. ಕ್ಲಾಂಪು ಬಿಗಿದ ಮೇಲೆ ಎರಡು ಕರ್ಣಗಳನ್ನು ಟೇಪಿನಲ್ಲಿ ಅಳೆಯಿರಿ. ⅛ ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉದ್ದದ ಕರ್ಣಕ್ಕೆ ಒಂದು ಕ್ಲಾಂಪು ಹಾಕಿ ಎಳೆಯಿರಿ. ಬಿಸಿಲಿನ ದಿನ 12 ಗಂಟೆ, ಮಳೆಯಲ್ಲಾದರೆ 24 ಗಂಟೆ ಮುಟ್ಟಬೇಡಿ.

ಉದ್ದ ಪಟ್ಟಿ, ಥ್ರೆಡ್ ರಾಡು

ಬೆಂಚಿನ ಜೀವ ಇರುವುದು ಇಲ್ಲಿ. ಪ್ರತಿ ಉದ್ದ ಪಟ್ಟಿಯ ತುದಿಯಲ್ಲಿ ಅರ್ಧ ಇಂಚಿನ ಮೊಂಡು ನಾಲಿಗೆ. ಅದು ಭಾರ ಹೊರಲಿಕ್ಕಲ್ಲ, ಪಟ್ಟಿ ತಿರುಗದ ಹಾಗೆ ಹಿಡಿಯಲಿಕ್ಕೆ. ಎಳೆದು ಹಿಡಿಯುವುದು 10 ಮಿಮೀ ಥ್ರೆಡ್ ರಾಡು. ಒಂದು ಮೀಟರಿನ ಎರಡು ರಾಡು ತಂದು 200 ಮಿಮೀ ತುಂಡು ಮಾಡಿ. ಎಂಟು ಬೇಕು, ಹತ್ತು ಬರುತ್ತದೆ. ಕತ್ತರಿಸುವ ಮೊದಲು ರಾಡಿಗೆ ಎರಡು ನಟ್ಟು ತಿರುಗಿಸಿಟ್ಟುಕೊಳ್ಳಿ. ಕತ್ತರಿಸಿದ ಮೇಲೆ ನಟ್ಟನ್ನು ಹೊರತೆಗೆದರೆ ಹಾಳಾದ ಎಳೆ ತಾನೇ ಸರಿಯಾಗುತ್ತದೆ.

ಕಾಲಿನ ಹೊರಬದಿಯಲ್ಲಿ, ಅಂದರೆ ಉದ್ದ ಪಟ್ಟಿ ಸೇರುವ ಮುಖದ ಎದುರು ಮುಖದಲ್ಲಿ, ನಟ್ಟು ಮತ್ತು ವಾಷರ್ ಮುಳುಗಲು ಒಂದು ಇಂಚು ಅಗಲ, ಅರ್ಧ ಇಂಚು ಆಳದ ಗುಳಿ ಮೊದಲು. ಅದರ ನಡುವೆ 11 ಮಿಮೀ ತೂತು ಪಾರಾಗಬೇಕು. ಗುಳಿಯನ್ನು ಆಮೇಲೆ ತೆಗೆಯುತ್ತೇನೆಂದು ಹೊರಟರೆ ಅಗಲದ ಬಿಟ್ಟಿಗೆ ನಡುವೆ ಹಿಡಿಯಲು ಮರವೇ ಇರುವುದಿಲ್ಲ, ಅದು ಅಂಡಲೆಯುತ್ತದೆ. ಕಾಲಿನ ತೂತಾದ ಮೇಲೆ ಪಟ್ಟಿಯನ್ನು ಅದರ ಜಾಗದಲ್ಲೇ ಕೂರಿಸಿ, ಕ್ಲಾಂಪು ಹಾಕಿ, ಕಾಲಿನ ತೂತನ್ನೇ ದಾರಿ ಮಾಡಿಕೊಂಡು ಪಟ್ಟಿಯ ತುದಿಗೆ 4½ ಇಂಚು ಕೊರೆಯಿರಿ. ಪಟ್ಟಿಯನ್ನು ಬೇರೆ ಇಟ್ಟು ಅಳತೆ ಹಾಕಿ ಕೊರೆದರೆ ಎರಡು ತೂತು ಸೇರುವುದು ದೈವಕೃಪೆಯಿಂದ ಮಾತ್ರ. ಮರದ ತುದಿಮುಖದಲ್ಲಿ ಬಿಟ್ಟು ನಾರಿನ ಜೊತೆ ವಾಲಿಕೊಂಡು ಹೋಗುತ್ತದೆ.

ಪಟ್ಟಿಯ ಒಳಮುಖದಲ್ಲಿ, ಕಾಲಿಗೆ ತಾಗುವ ಜಾಗದಿಂದ 3 ಇಂಚು ದೂರದಲ್ಲಿ 1¼ ಇಂಚಿನ ಚೌಕ ಕಿಟಕಿ ಕೆತ್ತಿ. ರಾಡು ಅಲ್ಲಿಗೆ ಬಂದು ತಲುಪುತ್ತದೆ, ಅಲ್ಲೇ ಚೌಕ ವಾಷರ್, ನಟ್ಟು. ಕಿಟಕಿಯ ಕಾಲಿನ ಕಡೆಯ ಗೋಡೆ ನೇರ ಇರಬೇಕು, ಓರೆಯಾದರೆ ವಾಷರ್ ಒಂದೇ ಮೂಲೆಯಲ್ಲಿ ಒತ್ತಿ ಮರ ಸಿಡಿಯುತ್ತದೆ. ಎಲ್ಲಾ ಎಳೆಗಳಿಗೂ ಗ್ರೀಸು ಹಚ್ಚಿ. ಪಣಂಬೂರು, ಮಲ್ಪೆಯಂಥ ಕಡಲ ಬದಿಯ ಊರಲ್ಲಿ ಸತು ಲೇಪದ ರಾಡು ಬಿಳಿ ಹಿಟ್ಟಾಗಿ, ಆಮೇಲೆ ಕೆಂಪಾಗಿ ಅಂಟಿಕೊಳ್ಳುತ್ತದೆ. ಅಲ್ಲಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ವಾಸಿ. ಆದರೆ ಸ್ಟೀಲಿನ ನಟ್ಟು ಸ್ಟೀಲಿನ ರಾಡಿಗೆ ಒಣದಾಗಿ ಬಿಗಿದರೆ ಕಚ್ಚಿಕೊಂಡು ಬಿಡುತ್ತದೆ, ಅದಕ್ಕೂ ಗ್ರೀಸು ಬೇಕು.

ಇಷ್ಟೆಲ್ಲ ಯಾಕೆ ಎಂದರೆ ಮರದ ಉಸಿರಾಟಕ್ಕೆ. ಜುಲೈಯಲ್ಲಿ ಇಲ್ಲಿನ ಮರದ ತೇವ ಶೇಕಡಾ 18ರ ಹತ್ತಿರ, ಜನವರಿಯಲ್ಲಿ 12ರ ಸುತ್ತ. ಅಷ್ಟು ಇಳಿದರೆ 3½ ಇಂಚಿನ ಕಾಲು ಅಗಲದಲ್ಲಿ ಸುಮಾರು 1 ಮಿಮೀ ಕುಗ್ಗುತ್ತದೆ. ಮಳೆಗಾಲದಲ್ಲಿ ಕಲ್ಲಿನಂತಿದ್ದ ಬೆಂಚು ಮಕರ ಸಂಕ್ರಾಂತಿಗೆ ಅಲುಗುವುದು ಈ ಒಂದು ಮಿಲಿಮೀಟರಿನಿಂದ. ಆಣಿ ಹೊಡೆದ ಬೆಂಚಿಗೆ ಆಗ ಇನ್ನೂ ನಾಲ್ಕು ಆಣಿ ಹೊಡೆಯುತ್ತಾರೆ, ಅದು ಮರುವರ್ಷ ಇನ್ನಷ್ಟು ಸಡಿಲ. ಇಲ್ಲಿ ಸ್ಪ್ಯಾನರಿನ ಅರ್ಧ ಸುತ್ತು ಸಾಕು. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಅದೇ ಅರ್ಧ ಸುತ್ತು ಬಿಡಿಸಿಡಿ. ಬಿಡಿಸದಿದ್ದರೆ ಉಬ್ಬಿದ ಮರದೊಳಕ್ಕೆ ವಾಷರ್ ಹೂತುಹೋಗುತ್ತದೆ.

ಬೆನ್ನಿನ ಹಲಗೆ, ಶೆಲ್ಫು

17¾ ಇಂಚಿನ ಪ್ಲೈ ತುಂಡನ್ನು ಹಿಂಬದಿಯ ಎರಡು ಉದ್ದ ಪಟ್ಟಿಗಳ ಮೇಲೆ ಹೊರಗಿನಿಂದ ಕೂರಿಸಿ. ಪಟ್ಟಿಗಳ ನಡುವಿನ ಸಂದಿ 14 ಇಂಚು, ಮೇಲೆ ಕೆಳಗೆ ತಲಾ 1⅞ ಇಂಚು ಹಿಡಿಯಲು ಸಿಗುತ್ತದೆ. ಉದ್ದ 48 ಇಂಚು, ಕಾಲುಗಳ ಮೇಲೂ 1½ ಇಂಚು ಬರುತ್ತದೆ. 4 ಇಂಚಿಗೊಂದು 40 ಮಿಮೀ ಸ್ಕ್ರೂ. ಹಾಕುವ ಮೊದಲು ಬೆಂಚನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಮೂಲೆಮಟ್ಟ ಇಟ್ಟು ನೋಡಿ. ಈ ಹಲಗೆ ಬಿದ್ದ ಮೇಲೆ ಬೆಂಚು ಸೊಟ್ಟವಿದ್ದರೆ ಸೊಟ್ಟವಾಗಿಯೇ ಗಟ್ಟಿಯಾಗುತ್ತದೆ. ಅರ ಹೊಡೆಯುವಾಗ ಎಡಬಲಕ್ಕೆ ತೂಗುವುದನ್ನು ತಡೆಯಲು ಇದಕ್ಕಿಂತ ಅಗ್ಗದ ಉಪಾಯ ಬೇರೆ ಇಲ್ಲ. ಶೆಲ್ಫನ್ನು 45 ಇಂಚಿಗೆ ಕತ್ತರಿಸಿ ಕೆಳಗಿನ ಉದ್ದ ಪಟ್ಟಿಗಳ ಮೇಲೆ ಇಟ್ಟರಾಯಿತು.

ಮೇಲ್ಹಲಗೆ

ಎರಡು ಪದರ ಅಂಟಿಸುವಾಗ ಪ್ಲೈಯ ಉಬ್ಬಿದ ಮುಖಗಳು ಒಂದಕ್ಕೊಂದು ಎದುರಾಗಲಿ, ಆಗ ಒಂದರ ಬಾಗನ್ನು ಇನ್ನೊಂದು ಎಳೆದು ಸರಿಮಾಡುತ್ತದೆ. ಅಂಟನ್ನು ಹಲ್ಲಿನ ತಗಡಿನಿಂದ ಪೂರ್ತಿ ಹರಡಿ. ಅಲ್ಲಲ್ಲಿ ಸುರಿದು ಒತ್ತಿದರೆ ನಡುವೆ ಗಾಳಿ ಉಳಿದು ಸುತ್ತಿಗೆ ಹೊಡೆದಾಗ ಡೊಳ್ಳಿನ ಸದ್ದು ಬರುತ್ತದೆ. ಅಡಿಯಿಂದ 8 ಇಂಚಿಗೊಂದು 32 ಮಿಮೀ ಸ್ಕ್ರೂ. 38 ಮಿಮೀ ಹಲಗೆಗೆ 40 ಮಿಮೀ ಸ್ಕ್ರೂ ಹಾಕಿದರೆ ಮೊನೆ ಮೇಲೆ ಬಂದು ಅಂಗೈ ಸೀಳುತ್ತದೆ. ಇದು ಅಪರೂಪದ ತಪ್ಪೇನಲ್ಲ.

ಮೇಲೆ 6 ಮಿಮೀ ಮರೀನ್ ಪ್ಲೈ, ಅಂಟಿಲ್ಲದೆ, ಬರೇ ಸ್ಕ್ರೂ ಹಾಕಿ. ಹಾಳಾದಾಗ ಕಿತ್ತು ಬೇರೆ ಹಾಕಲಿಕ್ಕೆ. ಹಾರ್ಡ್‌ಬೋರ್ಡು ಬೇಡ, ಒಂದೇ ಮಳೆಗಾಲಕ್ಕೆ ಹಪ್ಪಳದಂತೆ ಉಬ್ಬುತ್ತದೆ. ಕಬ್ಬಿಣದ ತಗಡು ಹಾಸುವ ಆಸೆ ಎಲ್ಲರಿಗೂ ಇದೆ. ಬೆಳಗ್ಗೆ ಅದರ ಮೇಲೆ ನೀರು ಕೂರುವುದನ್ನು ಒಂದು ಜೂನ್ ನೋಡಿದರೆ ಆಸೆ ಇಳಿಯುತ್ತದೆ.

ವೈಸ್ ಮತ್ತು ಪ್ರೆಸ್

ವೈಸ್ ಬಲಮುಂದಿನ ಕಾಲಿಗೆ ತಾಗಿದಂತೆ ಇರಲಿ. ಹಲಗೆಯ ನಡುವೆ ಇಟ್ಟರೆ ಪ್ರತಿ ಪೆಟ್ಟಿಗೂ ಹಲಗೆ ಪುಟಿಯುತ್ತದೆ, ಪೆಟ್ಟಿನ ಅರ್ಧ ಬಲ ಅಲ್ಲೇ ಹೋಗುತ್ತದೆ. ಚಲಿಸದ ದವಡೆಯ ಮುಖ ಹಲಗೆಯ ಅಂಚಿನಿಂದ ಕಾಲಿಂಚಿನಷ್ಟು ಹೊರಗೆ ಬರಬೇಕು, ಉದ್ದದ ಪೈಪನ್ನು ನೆಟ್ಟಗೆ ಇಳಿಬಿಟ್ಟು ಹಿಡಿಯಲು. ಕೊರೆಯುವ ಮೊದಲು ವೈಸಿನ ತಳವನ್ನು ರಟ್ಟಿನ ಮೇಲೆ ಗೀಚಿಕೊಂಡು ಬೆಂಚಿನ ಮೇಲಿಟ್ಟು ನೋಡಿ. ಮುಂದಿನ ತೂತು ಅಂಚಿನಿಂದ 2 ಇಂಚಿಗಿಂತ ಹತ್ತಿರವಾದರೆ ಹಲಗೆಯಡಿಯ ಉದ್ದ ಪಟ್ಟಿಗೆ ಬಡಿಯುತ್ತದೆ, ನಟ್ಟು ಹಾಕಲು ಜಾಗ ಇರುವುದಿಲ್ಲ. ಹಲಗೆಯಡಿ 17 ಇಂಚಿನ ಅಡ್ಡತುಂಡೊಂದನ್ನು ವೈಸಿನ ನೇರಕ್ಕೂ, ಇನ್ನೊಂದನ್ನು ಪ್ರೆಸ್ಸಿನ ನೇರಕ್ಕೂ, ಬೋಲ್ಟುಗಳ ಸಾಲು ತಪ್ಪಿಸಿ, ಎರಡು ಉದ್ದ ಪಟ್ಟಿಗಳ ನಡುವೆ ಕೂರಿಸಿ.

ಪ್ರೆಸ್ ಎಡಗಡೆಗೆ, ಅದೂ ಕಾಲಿನ ಹತ್ತಿರವೇ. ಬೋಲ್ಟು 10 ಮಿಮೀ, ಅಡಿಯಲ್ಲಿ 5 ಮಿಮೀ ಉಕ್ಕಿನ ತಗಡು, ನಾಲ್ಕೂ ಬೋಲ್ಟು ಒಂದೇ ತಗಡಿನ ಮೂಲಕ ಹೋಗುವ ಹಾಗೆ. ಗುಜರಿಯಲ್ಲಿ ಸಿಗುವ ಯಾವ ತುಂಡಾದರೂ ನಡೆಯುತ್ತದೆ. ಬಿಡಿ ವಾಷರುಗಳು ಪ್ಲೈಯೊಳಗೆ ಒಂದೊಂದಾಗಿ ಕುಸಿಯುತ್ತವೆ, ತಗಡು ಭಾರ ಹಂಚುತ್ತದೆ. ಮೊದಲ ವಾರ ಪೂರ್ತಿ ದಿನಾ ಬಿಗಿ ನೋಡಿ, ಪ್ಲೈ ಸ್ವಲ್ಪ ಒತ್ತಿಕೊಂಡೇ ಕೂರುವುದು.

ಗೋಡೆ, ನೆಲ

ಶೆಲ್ಫು ಸೇರಿ ಬೆಂಚಿನ ತೂಕ 70 ಕೆಜಿಯ ಆಸುಪಾಸು, ಮರ ಭಾರದ್ದಾದರೆ ಇನ್ನೂ ಹೆಚ್ಚು. ಅರ ಹೊಡೆಯಲು ಸಾಕು, ಪ್ರೆಸ್ ಎಳೆಯಲು ಸಾಲದು. ಮನೆ ಮುರಕಲ್ಲಿನದ್ದಾದರೆ (ಜಂಬಿಟ್ಟಿಗೆ) ಪ್ಲಾಸ್ಟಿಕ್ ಪ್ಲಗ್ಗು ಮರೆತುಬಿಡಿ. ಕಲ್ಲಿನೊಳಗೆ ಸಹಜವಾಗಿಯೇ ಪೊಳ್ಳುಗಳಿವೆ, ಹ್ಯಾಮರ್ ಹಾಕಿ ಕೊರೆದರೆ 10 ಮಿಮೀ ತೂತು 16 ಆಗುತ್ತದೆ. ಹ್ಯಾಮರ್ ಬಂದ್ ಮಾಡಿ, ಸಣ್ಣ ಬಿಟ್ಟಿನಿಂದ ಶುರುಮಾಡಿ, ಕಲ್ಲಿನ ನಡುವೆ 6 ಇಂಚು ಆಳ ಕೊರೆಯಿರಿ. ಎರಡು ಕಲ್ಲಿನ ಸಂದಿನ ಗಾರೆಯಲ್ಲಿ ಬೇಡ. ಸೈಕಲ್ ಪಂಪಿನಿಂದ ಕೆಂಪು ಹುಡಿ ಪೂರ್ತಿ ಊದಿ ತೆಗೆದು, ಎಪಾಕ್ಸಿ ತುಂಬಿ, 10 ಮಿಮೀ ರಾಡಿನ ಉಳಿದ ಎರಡು ತುಂಡುಗಳನ್ನೇ ತಿರುಗಿಸುತ್ತಾ ಇಳಿಸಿ. ಹುಡಿ ಉಳಿದರೆ ಎಪಾಕ್ಸಿ ಹಿಡಿಯುವುದು ಹುಡಿಯನ್ನು, ಕಲ್ಲನ್ನಲ್ಲ. ಎರಡು ದಿನ ಬಿಟ್ಟು ಎಲ್ ಆಂಗಲ್ ಹಾಕಿ ಹಲಗೆಯ ಅಡಿಗೆ ಬಿಗಿಯಿರಿ. ಆಂಗಲಿನ ತೂತು ಉದ್ದಕ್ಕೆ ಅರೆದಿರಲಿ, ಮರ ಸರಿದಾಡಬೇಕು.

ಬಾಡಿಗೆ ಮನೆಯಾಗಿದ್ದು ಗೋಡೆ ಮುಟ್ಟುವಂತಿಲ್ಲವೇ? ಶೆಲ್ಫಿನ ಮೇಲೆ ಎರಡು ಮುರಕಲ್ಲು ಗೋಣಿಯಲ್ಲಿ ಸುತ್ತಿ ಇಟ್ಟುಬಿಡಿ. ದೊಡ್ಡ ಕಲ್ಲು ಒಂದೊಂದು 30 ಕೆಜಿಯ ಆಸುಪಾಸು ತೂಗುತ್ತದೆ. ನೋಡಲು ಚಂದವಿಲ್ಲ, ಕೆಲಸ ಮಾಡುತ್ತದೆ.

ಕಾಲಿನಡಿ ಅರ್ಧ ಇಂಚಿನ ಗ್ರಾನೈಟ್ ತುಂಡು. ಟೈಲ್ಸ್ ಅಂಗಡಿಯ ಹಿಂದೆ ಬೇಕಾದಷ್ಟು ಬಿದ್ದಿರುತ್ತದೆ. ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ನೀರು ಬಿಡುತ್ತದೆ, ಕಾಲಿನ ತುದಿಮುಖ ಅದನ್ನು ಬತ್ತಿಯಂತೆ ಹೀರುತ್ತದೆ. ಕಾಲಿನ ಕೆಳಗಿನ ಒಂದಡಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡು ಕೈ ಬಳಿಯಿರಿ, ತುದಿಮುಖವನ್ನಂತೂ ಎಣ್ಣೆ ತುಂಬಿದ ತಟ್ಟೆಯಲ್ಲಿ ರಾತ್ರಿಯಿಡೀ ನಿಲ್ಲಿಸಿ. ಹಂಚಿನ ಮನೆಯ ಪಕ್ಕಾಸುಗಳನ್ನು ಒರಲೆಯಿಂದ ಉಳಿಸಿದ್ದು ಇದೇ ಎಣ್ಣೆ. ರಬ್ಬರ್ ಕೈಗವಸು ಇಲ್ಲದೆ ಮುಟ್ಟಬೇಡಿ, ಚರ್ಮ ಸುಟ್ಟಂತೆ ಬೊಕ್ಕೆ ಏಳುತ್ತದೆ, ಕಣ್ಣಿಗೆ ಹಾರಿದರೆ ಇನ್ನೂ ಕಷ್ಟ. ಒಣಗಲು ವಾರ ಹಿಡಿದರೂ ಆಶ್ಚರ್ಯವಿಲ್ಲ, ಅದಕ್ಕೇ ಇದನ್ನು ಫೆಬ್ರುವರಿ, ಮಾರ್ಚಿನಲ್ಲಿ ಮಾಡಿ ಮುಗಿಸಿ. ಕೈ ತಾಗುವ ಮೇಲ್ಭಾಗಕ್ಕೆ ಗೇರೆಣ್ಣೆ ಬೇಡ. ಅಲ್ಲಿ ಪಿಯು (ಪಾಲಿಯುರೆಥೇನ್) ವಾರ್ನಿಷ್ ಎರಡು ಕೈ, ಪ್ಲೈಯ ಕತ್ತರಿಸಿದ ಅಂಚುಗಳಿಗೆ ಮೂರು. ನೀರು ಒಳಗೆ ಹೋಗುವುದು ಮುಖದಿಂದಲ್ಲ, ಅಂಚಿನಿಂದ.

ಕೊನೆಗೆ ರಸಮಟ್ಟ ಇಟ್ಟು ನೋಡಿ, ತಗ್ಗಿದ ಕಾಲಿನ ಗ್ರಾನೈಟಿನಡಿ ಅಲ್ಯೂಮಿನಿಯಂ ತಗಡಿನ ತುಂಡು ಸೇರಿಸಿ. ರಟ್ಟು ಮಡಚಿ ಇಡಬೇಡಿ, ಒಂದು ಮಳೆಗೆ ಅದು ಮುದ್ದೆಯಾಗಿ ಬೆಂಚು ಮತ್ತೆ ಕುಂಟುತ್ತದೆ. ವೈಸಿನಲ್ಲಿ ಮೂರಡಿಯ ಪೈಪು ಸಿಕ್ಕಿಸಿ, ತುದಿ ಹಿಡಿದು ನಾಲ್ಕೂ ಕಡೆಗೆ ಜಗ್ಗಿ. ಕಿರ್ ಎಂದ ಮೂಲೆಯ ನಟ್ಟನ್ನು ಕಾಲು ಸುತ್ತು ಬಿಗಿಮಾಡಿ, ಮತ್ತೊಮ್ಮೆ ಜಗ್ಗಿ ನೋಡಿ.